ಇಳಿಜಾರಿನಲ್ಲಿ ಎಂಜಿನ್ ಬಂದ್

ಜೂನ್ 3, ಮಂಗಳವಾರ

ಈ ನೋಟ್‌ಬುಕ್ ನಾನು ಕೇಳಿ ತೆಗೆದುಕೊಂಡದ್ದಲ್ಲ, ಡಿಪೋದವರು ಕೈಗೆ ತುರುಕಿದ್ದು. ದಿನಾ ಡ್ಯೂಟಿ ಮುಗಿದ ಮೇಲೆ ಎಲ್ಲೆಲ್ಲಿ ಜೋರಾಗಿ ಬ್ರೇಕ್ ಹಾಕಿದೆ, ಯಾಕೆ ಹಾಕಿದೆ ಎಂದು ಬರೆಯಬೇಕಂತೆ. ಬೇರೆ ಯಾರೂ ಓದುವುದಿಲ್ಲವಂತೆ, ನನ್ನದನ್ನು ನಾನೇ ಓದಿಕೊಂಡು ತಿದ್ದಿಕೊಳ್ಳಬೇಕಂತೆ. ಇಪ್ಪತ್ತಾರು ವರ್ಷ ಬಸ್ ಓಡಿಸಿದವನಿಗೆ ಕಾಪಿ ಬರೆಯುವ ಶಿಕ್ಷೆ!

ಬೆಳಿಗ್ಗೆ ಡಿಪೋ ಗೇಟಿನ ಬೋರ್ಡಿಗೆ ಪಟ್ಟಿ ಹಚ್ಚಿದ್ದರು. ಒಂದು ಲೀಟರ್ ಡೀಸೆಲ್ಲಿಗೆ ಯಾವ ಡ್ರೈವರ್ ಎಷ್ಟು ಕಿಲೋಮೀಟರ್ ಓಡಿಸಿದ ಎಂಬ ಲೆಕ್ಕ. ಐವತ್ತೆಂಟು ಹೆಸರು. ಐವತ್ತೆಂಟನೆಯದು ನನ್ನದು, ಅದೂ ಕೆಂಪು ಶಾಯಿಯಲ್ಲಿ: ಬಾಬಣ್ಣ, 4.6. ಕ್ಯಾಂಟೀನಿನವನು ಚಹಾ ಕೊಡುತ್ತ, "ಬಾಬಣ್ಣಾರ, ಉಳಿದಿದ್ದು ನೀವ ಕುಡದ್ರೇನ್ರಿ?" ಎಂದ. ಕಪ್ಪು ಅಲ್ಲೇ ಇಟ್ಟು ಬಂದೆ.

ಮ್ಯಾನೇಜರ್ ಕರೆದು ಹೇಳಿದರು. ಈ ತಿಂಗಳ ಕೊನೆಗೆ ಐದು ಮುಟ್ಟಬೇಕು. ಇಲ್ಲವಾದರೆ ಲಕ್ಷ್ಮೇಶ್ವರ ರೂಟಿನಿಂದ ಇಳಿಸಿ, ಡಿಪೋದ ಒಳಗೆ ಬಸ್ಸು ಹಿಂದೆ ಮುಂದೆ ಸರಿಸುವ ಕೆಲಸಕ್ಕೆ ಹಾಕುತ್ತಾರೆ. ಹನ್ನೆರಡು ವರ್ಷದಿಂದ ಗದಗ, ಸೊರಟೂರ, ಶಿರಹಟ್ಟಿ, ಲಕ್ಷ್ಮೇಶ್ವರ ಎಂದು ಅದೇ ದಾರಿ. ಯಾವ ತಗ್ಗು ಎಲ್ಲಿದೆ ಎಂದು ನನ್ನ ಸೊಂಟಕ್ಕೆ ಗೊತ್ತು. ಇನ್ನು ಮೇಲೆ ಅಂಗಳದಲ್ಲಿ ಬಸ್ ತೊಳೆಯಲು ಸರಿಸಿ ಕೊಡಬೇಕೇ?

ಡೀಸೆಲ್ ಯಾಕೆ ಜಾಸ್ತಿ ಹೋಗುತ್ತದೆ ಎಂದು ಒಬ್ಬರಾದರೂ ಕೇಳಿದರೇ? ಐವತ್ತೈದು ಸೀಟಿನ ಬಸ್ಸಿನಲ್ಲಿ ನೂರು ಜನ. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಎಂದಾದ ಮೇಲೆ ನೂರು ಹೆಜ್ಜೆಗೊಂದು ಕೈ ಏಳುತ್ತದೆ. ಜೂನ್ ತಿಂಗಳ ಗಾಳಿ ಬೇರೆ. ಗುಡ್ಡದ ಮೇಲೆ ಫ್ಯಾನು ತಿರುಗಿಸಿ ಕರೆಂಟು ಮಾಡುವ ಅದೇ ಗಾಳಿ ನನ್ನ ಬಸ್ಸಿನ ಎದೆಗೆ ಒದೆಯುತ್ತದೆ. ಇದೆಲ್ಲ ಸಾಲದು ಎಂದು ಆ ಖಾಸಗಿ ಬಾಡಿಗೆ ಜೀಪು, ಕ್ರೂಸರ್. ನನಗಿಂತ ಐದು ನಿಮಿಷ ಮುಂಚೆ ಪ್ರತಿ ಸ್ಟಾಪಿಗೆ ನುಗ್ಗಿ ಟಿಕೆಟಿನ ಗಂಡಸರನ್ನೆಲ್ಲ ತುಂಬಿಕೊಂಡು ಹೋಗುತ್ತಾನೆ. ನಾನು ಬೆನ್ನು ಹತ್ತದೆ ಏನು ಮಾಡಲಿ?

ಇವತ್ತಿನ ಬ್ರೇಕು ಹದಿನಾಲ್ಕು. ಅದರಲ್ಲಿ ಒಂಬತ್ತು ಕ್ರೂಸರಿನ ಸಲುವಾಗಿ. ಅದನ್ನು ಓಡಿಸುವವನ ಹೆಸರು ಸುನಿಲಕುಮಾರ. ನನ್ನ ಒಡಹುಟ್ಟಿದ ತಮ್ಮ. ಎರಡು ವರ್ಷದಿಂದ ಮಾತಿಲ್ಲ.

ಜೂನ್ 4, ಬುಧವಾರ

ಪಟ್ಟಿಯ ಕೆಳಗಿನ ಹತ್ತು ಜನಕ್ಕೆ ಇಂದು ಕ್ಲಾಸು. ಕಲಿಸುವವನು ಸಿದ್ದರಾಮ ಅಂತ, ಮೂವತ್ತೆರಡರ ಹುಡುಗ. ನಾನು ಬಸ್ಸಿನ ಕೆಲಸಕ್ಕೆ ಸೇರಿದಾಗ ಇವನು ಚಡ್ಡಿ ಹಾಕುತ್ತಿದ್ದ.

"ಇಳಿಜಾರಿನ್ಯಾಗ ನ್ಯೂಟ್ರಲ್ ಮಾಡೋರು ಕೈ ಎತ್ರಿ" ಎಂದ. ಅರ್ಧ ಜನರ ಕೈ ಎದ್ದವು. "ಎಂಜಿನ್ನ ಬಂದ್ ಮಾಡೋರು?" ಯಾರೂ ಎತ್ತಲಿಲ್ಲ. ಹೇಡಿಗಳು. ನಾನು ಎತ್ತಿದೆ.

"ಈಗ ಅಲ್ಲ. ಮದ್ಲ, ಮೆಟಡೋರ್ ಹೊಡಿಯೂ ಕಾಲಕ್ಕ" ಎಂದೆ.

ಸುಳ್ಳೇನು ಹೇಳಲಿ? ಆಗ ಬೆಟಗೇರಿಯಿಂದ ಸೀರೆ ಗಂಟು ಹೇರಿಕೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದೆವು. ಮಾಲಕ ಒಂದು ಟ್ರಿಪ್ಪಿಗೆ ಇಷ್ಟು ಡೀಸೆಲ್ ಎಂದು ಅಳೆದು ಕೊಡುತ್ತಿದ್ದ. ಉಳಿದದ್ದು ಡ್ರೈವರನದು. ಅದಕ್ಕೇ ಇಳಿಜಾರು ಬಂತೆಂದರೆ ಕೀಲಿ ತಿರುವಿ ಎಂಜಿನ್ ಬಂದ್ ಮಾಡುವುದು, ಗಾಡಿ ತಾನಾಗಿ ಉರುಳುತ್ತದೆ. ಇದನ್ನು ಹೇಳಿದಾಗ ಸಿದ್ದರಾಮ ನಗಲಿಲ್ಲ. "ಹಂಗಾರ ಬ್ರೇಕಿಗೆ ಬಲ ಎಲ್ಲಿಂದ ಬರ್ತೈತ್ರಿ?" ಎಂದು ಕೇಳಿದ.

"ಕಾಲಿಂದ" ಎಂದೆ. ಎಲ್ಲರೂ ನಕ್ಕರು.

ಹೊರಗೆ ಕರೆದುಕೊಂಡು ಹೋಗಿ ಡಿಪೋದ ಹಳೆಯ ಜೀಪಿನಲ್ಲಿ ಕೂಡಿಸಿದ. ಎಂಜಿನ್ ಬಂದ್ ಮಾಡಿಸಿ ಬ್ರೇಕ್ ಒತ್ತಲು ಹೇಳಿದ. ಒಂದನೇ ಸಲ ಸಲೀಸಾಗಿ ಹೋಯಿತು. ಎರಡನೇ ಸಲ ಬಿಗಿ. ಮೂರನೇ ಸಲ ಕಲ್ಲು, ನಿಂತು ತುಳಿದರೂ ಬೆರಳಷ್ಟು ಇಳಿಯಲಿಲ್ಲ. "ಈಗ ಎದುರಿಗೆ ಕುರಿ ಹಿಂಡು ಬಂದ್ರ ಏನ್ ಮಾಡ್ತೀರಿ?" ಎಂದ. ಮತ್ತೆ ಈಗಿನ ಗಾಡಿಗಳಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಡೀಸೆಲ್ಲೇ ಹೋಗುವುದಿಲ್ಲವಂತೆ. ಬಂದ್ ಮಾಡಿ ಉಳಿಯುವುದು ಸೊನ್ನೆಯಂತೆ.

"ನಾ ಏನ್ ಸತ್ತೇನೇನು?" ಎಂದೆ.

"ನಿಮ್ಮ ನಸೀಬ ಛಲೋ ಇತ್ರಿ" ಎಂದ.

ನನ್ನ ವಿದ್ಯೆಯನ್ನೆಲ್ಲ ನಸೀಬು ಎಂದುಬಿಟ್ಟ. ಮೈಯೆಲ್ಲ ಉರಿಯಿತು.

ಜೂನ್ 6, ಶುಕ್ರವಾರ

ಇಂದು ಸಿದ್ದರಾಮ ನನ್ನ ಬೆನ್ನ ಹಿಂದಿನ ಸೀಟಿನಲ್ಲೇ ಕೂತು ಬಂದ. "ಕಾಲು ಹಗರ ಇಡ್ರಿ", "ಅಗೋ ಅಲ್ಲಿ ಸ್ಟಾಪ್ ಕಾಣ್ತೈತಿ, ಈಗ ಕಾಲು ತಗೀರಿ, ತಾನ ನಿಧಾನ ಆಕ್ಕೈತಿ." ಅತ್ತೆಮನೆಯಲ್ಲಿ ಹೊಸ ಸೊಸೆಗೆ ಹೇಳಿದ ಹಾಗೆ. ಗಾಳಿಯ ಮಾತು ತೆಗೆದೆ. "ಕುಣಿಲಾರದಾಕಿಗೆ ನೆಲ ಡೊಂಕಂತ" ಎಂದ. ಹಿಂದಿದ್ದ ಕಂಡಕ್ಟರ್ ರೇಷ್ಮಾ ಬಾಯಿಗೆ ಸೆರಗು ಹಿಡಿದು ನಕ್ಕಳು, ನಾನು ಕನ್ನಡಿಯಲ್ಲಿ ನೋಡಿದೆ.

ಸೊರಟೂರ ದಾಟಿದ ಮೇಲೆ ಕ್ರೂಸರ್ ಹಾರ್ನ್ ಬಾರಿಸುತ್ತ ಪಕ್ಕಕ್ಕೆ ಬಂದು ಮುಂದೆ ಹೋಯಿತು. ನನ್ನ ಕಾಲು ತಾನಾಗಿ ಕೆಳಗೆ ಹೋಯಿತು. ಸಿದ್ದರಾಮ ಹೆಗಲ ಮೇಲೆ ಕೈ ಇಟ್ಟ. "ಹೋಗ್ಲಿ ಬಿಡ್ರಿ. ಅವ್ರ ಗಾಡ್ಯಾಗ ಹದಿನಾರು ಮಂದಿ, ನಿಮ್ಮ ಹಿಂದ ನೂರು ಮಂದಿ ಅದಾರ."

ಕಾಲು ತೆಗೆದೆ. ಅವನು ಹೋಗುವುದನ್ನು ನೋಡುತ್ತ ಕೂತೆ. ಇಷ್ಟು ಅವಮಾನ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಜೂನ್ 9, ಸೋಮವಾರ

ಬ್ರೇಕು ಹನ್ನೊಂದು. ಕಾರಣ: ಎಮ್ಮೆ, ಮೋಟಾರ್ ಸೈಕಲ್ಲು, ಮೋಟಾರ್ ಸೈಕಲ್ಲು, ತಮ್ಮ, ಮದುವೆ ಮೆರವಣಿಗೆ, ತಮ್ಮ, ತಮ್ಮ. ಉಳಿದದ್ದು ನೆನಪಿಲ್ಲ.

ಜೂನ್ 12, ಗುರುವಾರ

ಬೆನ್ನು ಹತ್ತುವುದನ್ನು ಬಿಟ್ಟರೆ ಮುಂದಿನ ಗಾಡಿ ಸರಿಯಾಗಿ ಕಾಣುತ್ತದೆ. ಇದು ಯಾವ ಕ್ಲಾಸಿನಲ್ಲೂ ಹೇಳಲಿಲ್ಲ.

ಶಿರಹಟ್ಟಿಗೆ ಮುಂಚಿನ ಇಳಿಜಾರಿನಲ್ಲಿ ಕ್ರೂಸರ್ ನನ್ನ ಮುಂದೆ ಐವತ್ತು ಮಾರು ದೂರದಲ್ಲಿತ್ತು. ದಿಬ್ಬ ಏರುವಾಗ ಕರಿ ಹೊಗೆ ಬಿಡುತ್ತಿದ್ದದ್ದು ತುದಿಗೆ ಬಂದ ಕೂಡಲೇ ನಿಂತಿತು. ಹೊಗೆ ಇಲ್ಲ, ಸದ್ದಿಲ್ಲ. ಗಾಡಿ ಸುಮ್ಮನೆ ಉರುಳುತ್ತ ವೇಗ ಏರಿಸುತ್ತ ಹೋಯಿತು. ನನಗೆ ಕ್ಷಣದಲ್ಲಿ ತಿಳಿಯಿತು. ಎಂಜಿನ್ ಬಂದ್ ಮಾಡಿದ್ದಾನೆ. ಹಿಂದಿನ ಬಾಗಿಲಲ್ಲಿ ಕಾಲೇಜಿನ ಇಬ್ಬರು ಹುಡುಗರು ಜೋತುಬಿದ್ದಿದ್ದರು.

ಇದನ್ನು ಅವನಿಗೆ ಕಲಿಸಿದ್ದು ನಾನು. ಅಪ್ಪ ಹೋದಾಗ ಅವನಿಗೆ ಹನ್ನೆರಡು ವರ್ಷ. ಮನೆಯ ಮಗ್ಗದ ಮುಂದೆ ಕೂಡಲು ಮನಸ್ಸಿಲ್ಲ ಎಂದ. ಹತ್ತೊಂಬತ್ತು ತುಂಬಿದಾಗ ರಜೆಯ ದಿನ ಗೆಳೆಯನ ಮೆಟಡೋರ್ ಕೇಳಿ ತಂದು ಇದೇ ರಸ್ತೆಯಲ್ಲಿ, ಇದೇ ದಿಬ್ಬದ ಮೇಲೆ, "ತಿರುವಲೇ ಕೀಲಿ" ಎಂದೆ. "ಅಂಜಿಕಿ ಬರ್ತೈತೋ ಅಣ್ಣಾ" ಎಂದ. ತಲೆಗೆ ಒಂದು ಮೊಟಕಿ, ಕೈ ಹಿಡಿದು ತಿರುವಿಸಿದೆ. ಕೆಳಗೆ ಮುಟ್ಟಿದಾಗ ಇಬ್ಬರೂ ಹುಚ್ಚರ ಹಾಗೆ ನಕ್ಕಿದ್ದೆವು.

ಇಂದು ಬ್ರೇಕು ಏಳು. ಊಟದ ಗಂಗಾಳ ದೂಡಿ ಎದ್ದೆ.

ಜೂನ್ 13, ಶುಕ್ರವಾರ

ನನಗೇನು? ನಲವತ್ತು ವರ್ಷದ ಗಂಡಸು, ಮೀಸೆ ಇದೆ, ಹೆಂಡತಿ ಮಕ್ಕಳಿದ್ದಾರೆ. ಬುದ್ಧಿ ಇಲ್ಲದಿದ್ದರೆ ಸಾಯಲಿ ಎಂದು ಬರೆದೆ. ಬರೆದದ್ದನ್ನು ಹೊಡೆದು ಹಾಕಿದೆ.

ಜೂನ್ 17, ಮಂಗಳವಾರ

ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಬೇಡ ಎಂದು ತಮ್ಮನಿಗೆ ಹೇಳಲು ರೇಷ್ಮಾಳನ್ನು ಕಳಿಸಿದೆ. ಆ ಹುಡುಗಿಗೆ ಯಾರ ಜೊತೆಗೂ ಮಾತಾಡುವ ಧೈರ್ಯ ಇದೆ. ಲಕ್ಷ್ಮೇಶ್ವರ ಸ್ಟ್ಯಾಂಡಿನಲ್ಲಿ ಕ್ರೂಸರಿನ ಹತ್ತಿರ ಹೋಗಿ ಎರಡು ನಿಮಿಷ ಮಾತಾಡಿ ಬಂದಳು. ನಾನು ಸ್ಟೇರಿಂಗಿನ ಮೇಲೆ ಪೇಪರ್ ಹರವಿಕೊಂಡು ಓದುವವನ ಹಾಗೆ ಕೂತಿದ್ದೆ.

"ಏನಂದ?"

"ಅವ್ರಿಗೆ ಡೀಸೆಲ್ ಸರಕಾರದ್ದು, ನನಗ ನನ್ನ ಕಿಸೆದ್ದು. ಹೆಂಗಸರೆಲ್ಲಾ ಅವ್ರ ಬಸ್ಸಿಗೆ ಹೋದ ಮ್ಯಾಲ ನನಗ ಉಳಿಯೂದ ಆ ಇಳಿಜಾರಿಂದಷ್ಟ, ಅಂದ್ರಿ."

ಉತ್ತರ ನೋಡು, ಉತ್ತರ! ಒಳ್ಳೆಯದಕ್ಕೆ ಹೇಳಿದರೆ ನನ್ನ ತಲೆಗೇ ತಿರುಗಿ ಕಟ್ಟುತ್ತಾನೆ. ಹುಟ್ಟುತ್ತ ಅಣ್ಣತಮ್ಮ, ಬೆಳೆಯುತ್ತ ದಾಯಾದಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಜೂನ್ 18, ಬುಧವಾರ

ನನ್ನ ಹೆಂಡತಿ ಬನಶಂಕರೆವ್ವ ಕೇಳದೆಯೇ ತಮ್ಮನ ಮನೆಗೆ ಹೊರಟಳು. ನಮ್ಮ ಮಾತು ನಿಂತರೂ ಅವಳು ಆ ಮನೆಗೆ ಹೋಗುವುದು ನಿಂತಿಲ್ಲ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾಳೆ. ಮೂರು ಓಣಿ ಆಚೆ ಮನೆ. ಒಂದು ತಾಸು ಬಿಟ್ಟು ಬಂದಳು.

"ಕಲಿಸಿದವ್ರು ಅವ್ರ ಅದಾರಲ್ರಿ ವೈನಿ, ತಪ್ಪು ಅನ್ನೂದಾದ್ರ ಅವ್ರ ಬಾಯಿಂದ ಬರ್ಲಿ ಅಂದ" ಎಂದಳು.

"ನಾ ಹೋಗಿ ಅವನ ಮುಂದ ಕೈ ಕಟ್ಟಿ ನಿಂದ್ರಬೇಕೇನು?"

"ನೀವು ಕೈ ಮಾಡಿದ್ದು ನಾಕು ಮಂದಿ ಮುಂದ. ತಪ್ಪಾತು ಅನ್ನಾಕ ಮಂದಿ ಬ್ಯಾಡೇನ್ರಿ?"

ಎರಡು ವರ್ಷದ ಹಿಂದೆ ಶಿರಹಟ್ಟಿ ಸ್ಟ್ಯಾಂಡಿನಲ್ಲಿ ನಾನು ಅವನ ಕೆನ್ನೆಗೆ ಹೊಡೆದದ್ದನ್ನು ಹೇಳುತ್ತಾಳೆ. ನನ್ನ ಬಸ್ಸಿನ ಬಾಗಿಲಲ್ಲಿ ಕಾಲಿಟ್ಟಿದ್ದ ಗಿರಾಕಿಯನ್ನು ತೋಳು ಹಿಡಿದು ಎಳೆದುಕೊಂಡು ಹೋದರೆ ಹೊಡೆಯದೆ ಆರತಿ ಎತ್ತುತ್ತಾರೆಯೇ? ಸರಿ, ಅವನ ಸಣ್ಣ ಮಗಳು ಕ್ರೂಸರಿನ ಮುಂದಿನ ಸೀಟಿನಲ್ಲಿ ಕೂತದ್ದು ನಾನು ನೋಡಿರಲಿಲ್ಲ. ನೋಡಿದ್ದರೂ ಹೊಡೆಯುತ್ತಿದ್ದೆನೋ ಏನೋ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಅವನದೂ ಅಷ್ಟೇ, ನನ್ನದೂ ಅಷ್ಟೇ.

ಜೂನ್ 21, ಶನಿವಾರ

ಬ್ರೇಕು ನಾಲ್ಕು. ಸೊರಟೂರಿನಲ್ಲಿ ಒಬ್ಬ ಮುದುಕ ಕೋಲು, ಚೀಲ, ಒಂದು ಕೋಳಿ ಸಮೇತ ಹತ್ತಲು ಒಂದು ನಿಮಿಷ ತೆಗೆದುಕೊಂಡ. ಹತ್ತಲಿ ಎಂದು ಎಂಜಿನ್ ಬಂದ್ ಮಾಡಿ ಕೂತೆ. ನಿಂತಾಗ ಬಂದ್ ಮಾಡಿದರೆ ಡೀಸೆಲ್ ಉಳಿಯುತ್ತದಂತೆ, ಅದಕ್ಕೆ. ಬೇರೆ ಏನೂ ಅಲ್ಲ.

ಮನೆಗೆ ಬಂದು ಊಟಕ್ಕೆ ಕೂತರೆ ಇವಳು ನನ್ನ ಮುಖವನ್ನೇ ನೋಡುತ್ತಾಳೆ. "ಏನು?" ಎಂದೆ. "ಎಂಟು ದಿನ ಆತು, ನೀವು ಗಂಗಾಳ ದೂಡಿಲ್ಲ" ಎಂದಳು. ಪಲ್ಯಕ್ಕೆ ಉಪ್ಪು ಸರಿ ಇದ್ದರೆ ಯಾರು ದೂಡುತ್ತಾರೆ? ಇವಳಿಗೊಂದು ಹುಚ್ಚು.

ಇಳಿಜಾರಿನಲ್ಲಿ ಇವತ್ತೂ ಕ್ರೂಸರಿನ ಹೊಗೆ ನಿಂತಿತು. ಕೆಳಗೆ ಮುಟ್ಟುವ ತನಕ ನನ್ನ ಕಣ್ಣು ಅದರ ಹಿಂದಿನ ದೀಪದ ಮೇಲೇ ಇತ್ತು.

ಜೂನ್ 24, ಮಂಗಳವಾರ

ಬೋರ್ಡಿನಲ್ಲಿ ಹೊಸ ಪಟ್ಟಿ. ನಾನು 5.04. ಇಪ್ಪತ್ತೊಂಬತ್ತನೆಯ ಹೆಸರು, ಕಪ್ಪು ಶಾಯಿ. ಕ್ಯಾಂಟೀನಿನವನು ಚಹಾದ ಜೊತೆ ಎರಡು ಮಿರ್ಚಿ ಭಜಿ ಇಟ್ಟ. ಸಿದ್ದರಾಮ ದೂರದಿಂದಲೇ ಕೈ ಎತ್ತಿದ. ಇನ್ನು ಆರು ದಿನ ಹೀಗೇ ಹೋದರೆ ರೂಟು ನನ್ನದೇ. ಖುಷಿಯಾಗಬೇಕಿತ್ತು.

ಮಧ್ಯಾಹ್ನದ ಟ್ರಿಪ್ಪಿನಲ್ಲಿ ಅದು ಆಗಿಯೇ ಹೋಯಿತು. ಕ್ರೂಸರ್ ಸದ್ದಿಲ್ಲದೆ ಇಳಿಯುತ್ತಿತ್ತು. ಬಲಗಡೆ ಹೊಲದಿಂದ ಕುರಿ ಹಿಂಡು ರಸ್ತೆಗೆ ಬಂತು. ಹಿಂದಿನ ಕೆಂಪು ದೀಪ ಒಮ್ಮೆ ಹತ್ತಿತು, ಎರಡು ಸಲ ಹತ್ತಿತು, ಮೂರನೇ ಸಲ ಹತ್ತಿದ್ದು ಆರಲೇ ಇಲ್ಲ, ಗಾಡಿ ಮಾತ್ರ ನಿಲ್ಲದು. ಅವನು ತುಳಿದು ನಿಂತಿದ್ದಾನೆ ಎಂದು ನನಗೆ ಇಲ್ಲಿಂದಲೇ ಗೊತ್ತಾಯಿತು. ನನ್ನ ಕಾಲೂ ತುಳಿಯುತ್ತಿತ್ತು. ಕೊನೆಗೆ ಎಡಕ್ಕೆ ತಿರುವಿ ಹೊಸದಾಗಿ ಸುರಿದ ಮಣ್ಣಿನ ರಾಶಿಗೆ ಹೊಗಿಸಿದ. ಗಾಡಿ ಓರೆಯಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಒಂದು ಕುರಿಗೂ ಆಗಲಿಲ್ಲ.

ನಾನು ಪಕ್ಕದಿಂದ ಹಾದು ಹೋದೆ. ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವನು ಬಾನೆಟ್ಟಿಗೆ ಒರಗಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ರೇಷ್ಮಾ ಸೀಟಿ ಊದಿದಳು, ಆದರೂ ನಿಲ್ಲಿಸಲಿಲ್ಲ. ಎಂಥ ಮನುಷ್ಯ ನಾನು? ಥೂ.

ಜೂನ್ 25, ಬುಧವಾರ

ಇಂದು ಮಾಡಿದ್ದನ್ನು ಪೂರ್ತಿ ಬರೆಯುತ್ತೇನೆ, ನಾಳೆ ಯಾರಾದರೂ ಬೇರೆ ಹೇಳಿದರೆ ನನಗಾದರೂ ಖರೆ ಗೊತ್ತಿರಲಿ.

ದಿಬ್ಬದ ತುದಿಯಲ್ಲಿ ಕ್ರೂಸರ್ ಜನ ಹತ್ತಿಸಿಕೊಳ್ಳಲು ನಿಂತಿತ್ತು. ನಿನ್ನೆ ಅಷ್ಟಾದರೂ ಇಂದು ಮತ್ತೆ ಅದೇ ಎಂದು ಅವನ ಮುಖ ನೋಡಿದ ಕೂಡಲೇ ತಿಳಿಯಿತು. ನಾನು ದಾಟಿ ಹೋಗಿ, ಬಸ್ಸನ್ನು ರಸ್ತೆಗೆ ಅಡ್ಡ ತಿರುವಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ ಇಳಿದೆ. ಒಳಗೆ ನೂರು ಜನ. "ಏ ಬಾಬಣ್ಣಾರ, ಎಲ್ಲಿಗ್ರಿ?" ಎಂದು ರೇಷ್ಮಾ ಕೂಗುತ್ತಿದ್ದಳು.

ಸುನಿಲ ಜಾಕಿನ ರಾಡು ಹಿಡಿದುಕೊಂಡೇ ಇಳಿದ. "ಮತ್ತ ಬಡಿಯಾಕ ಬಂದಿಯೇನು? ಬಾ. ಇವತ್ತ ನಾನೂ ತಯಾರದೀನಿ."

"ಗಾಡಿ ಏರು" ಎಂದೆ.

"ಏರೂದಿಲ್ಲ. ನೀ ಯಾರ ಹೇಳಾಕ?"

"ಏರಲೇ ಅಂದ್ರ!" ಎಂದು ಒದರಿದೆ. ಅಪ್ಪ ಸತ್ತ ಮೇಲೆ ಈ ದನಿಗೆ ಅವನು ಎಷ್ಟೋ ವರ್ಷ ಎದ್ದವನು, ಕೂತವನು. ಕಾಲು ತಾನಾಗಿ ಮೆಟ್ಟಿಲಿಗೆ ಹೋಯಿತು, ಹತ್ತಿ ಕೂತ. ಕೀಲಿ ತಿರುವಿ ಎಂಜಿನ್ ಬಂದ್ ಮಾಡಿಸಿದೆ. "ಬ್ರೇಕ್ ಒತ್ತು. ಇನ್ನೊಮ್ಮೆ. ಮತ್ತೊಮ್ಮೆ ಒತ್ತು." ಮೂರನೆಯ ಸಲಕ್ಕೆ ಕಾಲು ನಿಂತಿತು. ಅವನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ನಿನ್ನೆ ಕುರಿಯ ಮುಂದೆ ಗೊತ್ತಾಗಿತ್ತು. ಆದರೆ ನಿಂತ ಗಾಡಿಯಲ್ಲಿ, ಹದಿನಾರು ಜನ ನೋಡುತ್ತಿರುವಾಗ, ಮುಚ್ಚಿಕೊಳ್ಳಲು ಜಾಗ ಇರಲಿಲ್ಲ.

ಆಮೇಲೆ ನಾನು ಹೇಳಿದೆ. ನೂರಾ ಹದಿನಾರು ಜನರ ಮುಂದೆ, ಗಟ್ಟಿಯಾಗಿ. "ಸುನಿಲಾ, ನಾ ನಿನಗ ಕಲಿಸಿದ್ದು ತಪ್ಪೈತಿ. ಅವತ್ತ ನೀ ಅಂಜಿಕಿ ಬರ್ತೈತಿ ಅಂದಿದ್ದಿ. ನಿಂದ ಖರೆ ಇತ್ತು. ನಾ ತಲಿಗೆ ಬಡದು ಕಲಿಸಿದೆ. ಅವತ್ತ ಬಡದದ್ದೂ ತಪ್ಪು, ಶಿರಹಟ್ಟ್ಯಾಗ ಬಡದದ್ದೂ ತಪ್ಪು. ಎಂಜಿನ್ ಚಾಲೂ ಇಟ್ಟು ಇಳಿ. ಕೈ ಮುಗಿತೇನಿ."

ನಿಜವಾಗಿ ಕೈ ಮುಗಿದೆನೋ ಇಲ್ಲವೋ ನೆನಪಿಲ್ಲ. ರೇಷ್ಮಾ ಮುಗಿದಿರಿ ಅನ್ನುತ್ತಾಳೆ.

ಸಿನಿಮಾದ ಹಾಗೆ ತಬ್ಬಿಕೊಳ್ಳುತ್ತಾನೆ ಎಂದುಕೊಂಡಿದ್ದರೆ ಅದು ಸುಳ್ಳು. ನನ್ನ ಮಾತು ಕೇಳಿ ಅವನ ಗಾಡಿಯಲ್ಲಿದ್ದವರು ಒಬ್ಬೊಬ್ಬರಾಗಿ ಇಳಿದು ಬಂದು ನನ್ನ ಬಸ್ ಹತ್ತಿದರು. ಹದಿನಾರೂ ಜನ. ಸುನಿಲನ ಕಣ್ಣು ಕೆಂಪಗಾಯಿತು. "ನೀ ಕಲಿಸಿದ್ರೂ ನನ್ನ ಹೊಟ್ಟಿ ಮ್ಯಾಲ, ಕಲಿಸಿದ್ದು ತಪ್ಪು ಅಂದ್ರೂ ನನ್ನ ಹೊಟ್ಟಿ ಮ್ಯಾಲ! ಹೋಗು! ಮುಖಾ ತೋರಸಬ್ಯಾಡ!" ಎಂದು ರಾಡನ್ನು ರಸ್ತೆಗೆ ಬೀಸಿ ಒಗೆದ.

ಹಿಂದೆ ಲಾರಿಗಳ ಸಾಲು, ಹಾರ್ನು. ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿದರು. ಇಪ್ಪತ್ತೆರಡು ನಿಮಿಷ ತಡವಾಗಿ ಶಿರಹಟ್ಟಿ ಮುಟ್ಟಿದೆ.  

ಜೂನ್ 30, ಸೋಮವಾರ

ಪಟ್ಟಿ ಬಂತು. ಒಂದು ಲೀಟರಿಗೆ 5.07. ಅದರ ಜೊತೆಗೇ ಮೆಮೊ ಬಂತು. ಸಾರ್ವಜನಿಕ ರಸ್ತೆಗೆ ಬಸ್ ಅಡ್ಡ ನಿಲ್ಲಿಸಿದ್ದು, ಪ್ರಯಾಣಿಕರನ್ನು ಬಿಟ್ಟು ಇಳಿದದ್ದು, ಸ್ವಂತ ಜಗಳ. ವಿಡಿಯೋ ಎಲ್ಲರ ಮೊಬೈಲಿಗೂ ಮುಟ್ಟಿದೆ. ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಬಾಬಣ್ಣ, ಡೀಸೆಲ್ ಉಳಿಸಿದ್ರಿ. ರೂಟ್ ಉಳಿಸ್ಕೊಳ್ಳಾಕ ಆಗ್ಲಿಲ್ಲ ನೋಡ್ರಿ" ಎಂದರು. ಅವರಿಗೂ ಬೇಜಾರಿತ್ತು, ಸುಳ್ಳು ಹೇಳಬಾರದು.

ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದರು. "ತಮ್ಮ ಅದಾನ್ರಿ" ಎಂದೆ. 

ಹನ್ನೆರಡು ವರ್ಷದ ರೂಟು! ಹೊರಗೆ ಬಂದು ಬೋರ್ಡಿನ ಆ ಪಟ್ಟಿಯನ್ನು ಹರಿದು ಹಾಕಬೇಕು ಎನ್ನಿಸಿತು. ಅದರಲ್ಲಿ ನನ್ನ ಹೆಸರು ಹತ್ತೊಂಬತ್ತನೆಯದು. ಹರಿಯಲಿಲ್ಲ.

ಜುಲೈ 3, ಗುರುವಾರ

ಡಿಪೋ ಅಂಗಳದಲ್ಲಿ ಮೂರನೇ ದಿನ. ತೊಳೆಯುವ ಜಾಗಕ್ಕೆ ಬಸ್ ಒಯ್ಯುವುದು, ತೊಳೆದದ್ದನ್ನು ಸಾಲಿಗೆ ತರುವುದು. ದಿನಕ್ಕೆ ಎರಡು ಕಿಲೋಮೀಟರ್ ಆಗುವುದಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿದೆ, ಬೈಯಲು ಎದುರಿಗೆ ಯಾರೂ ಸಿಗುವುದಿಲ್ಲ.

ಸಂಜೆ ಐದಕ್ಕೆ ಲಕ್ಷ್ಮೇಶ್ವರದ ಬಸ್ ಬಂತು. ಹೊಸ ಡ್ರೈವರ್ ಇಳಿದು ಹೋದ. ರೇಷ್ಮಾ ಹಣದ ಚೀಲ ಹೆಗಲಿಗೆ ಹಾಕಿಕೊಂಡು ನೇರ ನನ್ನ ಹತ್ತಿರ ಬಂದಳು.

"ನಿಮ್ಮ ತಮ್ಮಾರು ಇವತ್ತ ಇಳಿಜಾರಿನ್ಯಾಗ ನಮ್ಮ ಹಿಂದ ಬಂದ್ರಿ. ಎಂಜಿನ್ ಚಾಲೂ. ಎರಡನೇ ಗೇರಿನ್ಯಾಗ ಗುರ್ ಅನಕೋತ, ನಿಧಾನಕ."

ನಾನು ತೊಳೆದ ಬಸ್ಸಿನ ಬಾಗಿಲು ಎಳೆದು ಮುಚ್ಚಿದೆ.

"ಅವ್ರು ಶಿರಹಟ್ಟಿ ಮುಟ್ಟೂದ್ರಾಗ ಮಂದಿ ಎಲ್ಲಾ ನಮ್ಮ ಬಸ್ಸಿಗೆ ಹತ್ತಿಬಿಟ್ಟಿದ್ರು. ತಮ್ಮಾರು ಇಳದು ನಿಮ್ಮನ್ನ ಬೈಯಾಕ ಹತ್ತಿದ್ರು ನೋಡ್ರಿ, ಸ್ಟ್ಯಾಂಡೆಲ್ಲಾ ಕೇಳೂಹಂಗ. ಯವ್ವಾ, ಏನ್ ಬೈಗುಳ!"

"ಏನಂತ ಬೈದ?"

"ನಮ್ಮಣ್ಣನ ಮಾತು ಕೇಳಿ ನನ್ನ ಧಂದೆ ಹಾಳಾತು, ಅಂತ."

"ಏನಂದಿ? ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದಳು. ಅದೇ ಮಾತು. ನಮ್ಮಣ್ಣ ಎಂದೇ ಅಂದನಂತೆ, ಎಲ್ಲರ ಮುಂದೆ, ಗಟ್ಟಿಯಾಗಿ. ನಾನು ಬಸ್ಸಿನ ಆಚೆ ಬದಿಗೆ ಹೋಗಿ, ಚಕ್ರ ನೋಡುವವನ ಹಾಗೆ ಬಹಳ ಹೊತ್ತು ಕೂತುಬಿಟ್ಟೆ.

ಬೈಯಲಿ. ದಿನಾ ಬೈಯಲಿ, ಮಗ.